ಮ್ಯಾಪು ಹತ್ತು ಗಂಟೆ ಅಂದರೆ ಹತ್ತೇ ಗಂಟೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ರಜೆ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳು ಬದಲಾಗುತ್ತವೆ. ಮೈಲೇಜು, ಇಂಜಿನ್ ಆಯಿಲ್ ಹಿಂದೆ ಸರಿದು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಒಂದೇ ದಿನದಲ್ಲಿ ಅಷ್ಟು ದೂರ ಹೋಗಬಹುದೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಈ ಸಲದ ಪುಟವನ್ನು ಅಂಥ ಪತ್ರಗಳಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ಕೊಲ್ಹಾಪುರದ ಮಹಾಲಕ್ಷ್ಮಿ ದರ್ಶನಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಎಂಟು ಮತ್ತು ಮೂರು ವರ್ಷದ ಮಕ್ಕಳು, ಎಪ್ಪತ್ತು ದಾಟಿದ ಅಪ್ಪ ಅಮ್ಮ. ಏಳು ಸೀಟಿನ ಗಾಡಿ. ಓಡಿಸುವವನು ನಾನೊಬ್ಬನೇ. ಮ್ಯಾಪು ಹತ್ತು ಗಂಟೆ ತೋರಿಸುತ್ತಿದೆ. ಬೆಳಗಿನ ಜಾವ ಮೂರಕ್ಕೆ ಹೊರಟರೆ ಟ್ರಾಫಿಕ್ ತಪ್ಪಿಸಿ ಮಧ್ಯಾಹ್ನಕ್ಕೆಲ್ಲ ತಲುಪಬಹುದಲ್ಲವೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೂರು ಗಂಟೆಯ ಯೋಚನೆ ಬಿಟ್ಟುಬಿಡಿ. ಮೂರಕ್ಕೆ ಗಾಡಿ ಹತ್ತಬೇಕೆಂದರೆ ಎರಡಕ್ಕೆ ಏಳಬೇಕು. ಹಿಂದಿನ ದಿನ ಆಫೀಸು, ಸಂಜೆ ಪ್ಯಾಕಿಂಗು, ಮಕ್ಕಳನ್ನು ಮಲಗಿಸುವುದು ಎಲ್ಲ ಮುಗಿದು ನೀವು ದಿಂಬಿಗೆ ತಲೆ ಕೊಡುವಾಗ ಹನ್ನೊಂದಾಗಿರುತ್ತದೆ. ಮೂರು ಗಂಟೆ ನಿದ್ದೆಯ ಮೇಲೆ ಆರುನೂರು ಕಿಲೋಮೀಟರ್! ಅದೂ ರಾತ್ರಿ ಎರಡರಿಂದ ಐದರವರೆಗೆ ಮನುಷ್ಯನ ಮೈಗೆ ನಿದ್ದೆಯ ಒತ್ತಡ ಅತಿ ಹೆಚ್ಚು; ಎಷ್ಟೇ ಉತ್ಸಾಹವಿದ್ದರೂ ಈ ಹೊತ್ತಿನಲ್ಲಿ ಕಣ್ಣು ತಾನಾಗಿ ಮುಚ್ಚುತ್ತದೆ. ಸತತ 17 ಗಂಟೆ ಎಚ್ಚರವಾಗಿದ್ದವರ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದು 1990ರ ದಶಕದ ಅಧ್ಯಯನಗಳಲ್ಲೇ ಗೊತ್ತಾಗಿದೆ. ನಮ್ಮ ಕಾನೂನು ಒಪ್ಪುವ ಮಿತಿ 30 ಮಿ.ಗ್ರಾಂ. ಎರಡಕ್ಕೆ ಎದ್ದವರಿಗೆ ಸಂಜೆ ಏಳಕ್ಕೆ 17 ಗಂಟೆ ತುಂಬುತ್ತದೆ. ದಾರಿಯಲ್ಲಿ ತಡವಾಗುತ್ತ ಹೋದರೆ ನೀವು ಆಗ ಇನ್ನೂ ಸ್ಟೇರಿಂಗ್ ಹಿಂದೆಯೇ ಇರಬಹುದು.

ಇನ್ನು ಮ್ಯಾಪಿನ ಹತ್ತು ಗಂಟೆ. ಅದರಲ್ಲಿ ನಿಮ್ಮ ತಂದೆಯವರು ಬಾತ್‌ರೂಮಿಗೆ ಇಳಿಯುವ ಹೊತ್ತಿಲ್ಲ, ಮೂರು ವರ್ಷದ ಮಗುವಿಗೆ ಇಡ್ಲಿ ತಿನ್ನಿಸುವ ಮುಕ್ಕಾಲು ಗಂಟೆಯಿಲ್ಲ. ಮಕ್ಕಳು, ಹಿರಿಯರು ಇಬ್ಬರೂ ಇರುವ ಗಾಡಿಗೆ ನಾವು ಹಾಕುವ ಲೆಕ್ಕ ಇಷ್ಟೇ: ಮ್ಯಾಪು ಹೇಳಿದ ಪ್ರತಿ ಎರಡು ಗಂಟೆಗೆ ಅರ್ಧ ಗಂಟೆ ಸೇರಿಸಿ. ಹತ್ತು ಹನ್ನೆರಡೂವರೆ ಆಗುತ್ತದೆ. ಈ ಹೆಚ್ಚುವರಿ ಹೊತ್ತನ್ನು ವೇಗದಿಂದ ಹಿಂದಕ್ಕೆ ಗಳಿಸುತ್ತೇನೆ ಎನ್ನುವವರು ಲೆಕ್ಕ ಮಾಡಿ ನೋಡಲಿ. 200 ಕಿ.ಮೀ. ಪೂರ್ತಿ 80ರಲ್ಲಿ ಹೋದರೆ ಎರಡೂವರೆ ಗಂಟೆ, ಪೂರ್ತಿ 100ರಲ್ಲಿ ಹೋದರೆ ಎರಡು ಗಂಟೆ. ಉಳಿಯುವುದು ಅರ್ಧ ಗಂಟೆ, ಅದೂ ಕಾಗದದ ಮೇಲೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಲಗಡೆ ಲೇನ್ ಹಿಡಿದು ಸಾಗುವ ಲಾರಿಗಳು ಅದನ್ನೂ ಉಳಿಸಿಕೊಡುವುದಿಲ್ಲ.

ನಮ್ಮ ಸಲಹೆ ಹೀಗಿದೆ. ರಾತ್ರಿ ಒಂಬತ್ತೂವರೆಗೆ ಮಲಗಿ. ಲಗೇಜನ್ನು ಸಂಜೆಯೇ ಗಾಡಿಗೆ ತುಂಬಿಡಿ. ಬೆಳಿಗ್ಗೆ ತುಂಬುತ್ತೇವೆ ಎಂದವರು ಒಂದು ಗಂಟೆ ತಡವಾಗಿ ಹೊರಡುವುದು ಖಚಿತ. ಐದಕ್ಕೆ ಮನೆ ಬಿಟ್ಟರೆ ಐದೂವರೆಗೆ ನೆಲಮಂಗಲ ದಾಟಿರುತ್ತೀರಿ, ತುಮಕೂರು ಕಳೆಯುವಷ್ಟರಲ್ಲಿ ಬೆಳಕು ಹರಿಯುತ್ತದೆ. ಬೆಂಗಳೂರಿನಿಂದ ಹಿರಿಯೂರು ಸುಮಾರು 160, ಚಿತ್ರದುರ್ಗ 200 ಕಿ.ಮೀ. ತಿಂಡಿ ಇವೆರಡರ ನಡುವೆ, ಏಳೂವರೆ ಎಂಟರ ಸುಮಾರಿಗೆ ಮುಗಿಸಿ. ದಾವಣಗೆರೆಯ ಬೆಣ್ಣೆದೋಸೆಯೇ ಬೇಕೆಂದು ಊರೊಳಗೆ ಹೋದರೆ ಬೈಪಾಸ್ ಬಿಟ್ಟು ಮತ್ತೆ ಹತ್ತುವುದಕ್ಕೆ ಒಂದು ಗಂಟೆ ಹೋಗುತ್ತದೆ. ಆಸೆಯಾದರೆ ತಿನ್ನಿ, ಆದರೆ ಆಗ ಚಿತ್ರದುರ್ಗದಲ್ಲಿ ನಿಲ್ಲಬೇಡಿ. ರಾಣೆಬೆನ್ನೂರು–ಹಾವೇರಿ ಭಾಗದಲ್ಲಿ ಹತ್ತೂವರೆಗೆ ಇಪ್ಪತ್ತು ನಿಮಿಷ ಎಲ್ಲರೂ ಇಳಿಯಲಿ. ಹುಬ್ಬಳ್ಳಿ 410, ಧಾರವಾಡ 430 ಕಿ.ಮೀ. ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಧಾರವಾಡದ ಹತ್ತಿರ ಊಟ. ಊಟವಾದ ಮೇಲೆ ನೀವು ಸೀಟು ಹಿಂದಕ್ಕೆ ಮಾಡಿ ಇಪ್ಪತ್ತು ನಿಮಿಷ ಮಲಗಬೇಕು, ಮಕ್ಕಳನ್ನು ಆಡಿಸುವುದು ಬೇರೆಯವರ ಕೆಲಸ. ಮಧ್ಯಾಹ್ನ ಎರಡರಿಂದ ನಾಲ್ಕು ದಿನದ ಎರಡನೇ ತೂಕಡಿಕೆಯ ಹೊತ್ತು. ಅದು ಬರುವುದು ಊಟದಿಂದಷ್ಟೇ ಅಲ್ಲ, ಖಾಲಿ ಹೊಟ್ಟೆಯಲ್ಲೂ ಬರುತ್ತದೆ. ಅನ್ನ ಸಾರು ಪಾಯಸ ಹೊಟ್ಟೆ ತುಂಬ ಉಂಡರೆ ಇನ್ನಷ್ಟು ಒತ್ತಿಕೊಂಡು ಬರುತ್ತದೆ.

ಬೆಳಗಾವಿಗೆ ಮೂರರ ಸುಮಾರಿಗೆ ತಲುಪುತ್ತೀರಿ. ಅಲ್ಲಿಂದ ಸಂಕೇಶ್ವರ, ನಿಪ್ಪಾಣಿ ಮೇಲೆ ಕೊಲ್ಹಾಪುರಕ್ಕೆ ಇನ್ನು 110 ಕಿ.ಮೀ. ಹೋಗಲು ಆಗುತ್ತದೆಯೇ ಎಂದರೆ ಆಗುತ್ತದೆ. ಆದರೆ ರಸ್ತೆ ವಾಯವ್ಯಕ್ಕೆ ಮುಖ ಮಾಡಿದೆ, ನಾಲ್ಕರ ಮೇಲೆ ಸೂರ್ಯ ನೇರ ಗಾಜಿಗೆ ಹೊಡೆಯುತ್ತಾನೆ, ರಸ್ತೆ ಅಗಲ ಮಾಡುವ ಕೆಲಸ ಇರುವ ಕಡೆ ದಾರಿ ಪದೇ ಪದೇ ಸರ್ವಿಸ್ ರಸ್ತೆಗೆ ಇಳಿಯುತ್ತದೆ, ನೀವು ಆಗಲೇ ಹತ್ತು ಗಂಟೆ ಹೊತ್ತು ರಸ್ತೆಯಲ್ಲಿ ಕಳೆದಿರುತ್ತೀರಿ. ಓಡಿಸುವವರು ಒಬ್ಬರೇ ಆಗಿದ್ದರೆ ಬೆಳಗಾವಿಯಲ್ಲೇ ಉಳಿಯಿರಿ ಎಂಬುದು ನಮ್ಮ ಮಾತು. ಮಾರನೆಯ ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟೂವರೆ ಒಳಗೆ ದೇವಸ್ಥಾನದ ಸಾಲಿನಲ್ಲಿರುತ್ತೀರಿ. ಸಂಜೆ ಸುಸ್ತಾಗಿ ತಲುಪಿ, ಪಾರ್ಕಿಂಗ್ ಹುಡುಕಿ, ಅಪ್ಪ ಅಮ್ಮನನ್ನು ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಇದು ಎಷ್ಟೋ ಮೇಲು. ನಿಮ್ಮ ಪತ್ನಿಗೆ ಲೈಸೆನ್ಸ್ ಇದ್ದು ರೂಢಿಯೂ ಇದ್ದರೆ ಲೆಕ್ಕ ಬದಲಾಗುತ್ತದೆ. ಸಿರಾದಿಂದ ಚಿತ್ರದುರ್ಗದವರೆಗಿನ ಬೆಳಗಿನ ಹೊತ್ತನ್ನು ಅವರಿಗೆ ಕೊಡಿ.

ಮೇಲೆ ಕ್ಯಾರಿಯರ್ ಹಾಕಿ ಬ್ಯಾಗು ಕಟ್ಟುವುದಿದ್ದರೆ ಒಂದು ಎಚ್ಚರಿಕೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಅಡ್ಡಗಾಳಿ ಎತ್ತರದ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ, ದೊಡ್ಡ ಲಾರಿಯನ್ನು ಹಿಂದೆ ಹಾಕಿದ ಕ್ಷಣದಲ್ಲಿ ಇದು ಹೆಚ್ಚು. ಭಾರದ ಬ್ಯಾಗು ಡಿಕ್ಕಿಯಲ್ಲಿ, ಸೀಟಿನ ಬೆನ್ನಿಗೆ ಒತ್ತಿಕೊಂಡು ಕೆಳಗಿರಲಿ. ಮೇಲೆ ಹಾಸಿಗೆ ಬಟ್ಟೆಯಂಥ ಹಗುರದ್ದು ಮಾತ್ರ.

ಪ್ರಶ್ನೆ: ನಿದ್ದೆ ಬಂದಾಗ ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು, ಕಾಫಿ. ಇದರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ?
– ಓದುಗರು, ಕಲಬುರಗಿ

ಉತ್ತರ: ಮೊದಲಿನ ಮೂರೂ ಐದು ಹತ್ತು ನಿಮಿಷದ ಆಟ. ನಿಲ್ಲಿಸಲು ಜಾಗ ಸಿಗುವವರೆಗೆ ಉಪಯೋಗಿಸಿ, ಅದರ ಮೇಲೆ ಐವತ್ತು ಕಿಲೋಮೀಟರ್ ಓಡಿಸಬೇಡಿ. ಕಾಫಿ ಕೆಲಸ ಮಾಡುತ್ತದೆ, ಆದರೆ ಕುಡಿದು ಇಪ್ಪತ್ತು ಮೂವತ್ತು ನಿಮಿಷವಾದ ಮೇಲೆ. ಬಹಳ ಜನ ಕಾಫಿ ಕುಡಿದು ಕೂಡಲೇ ಹೊರಟುಬಿಡುತ್ತಾರೆ. ಕುಡಿದು ಮಲಗುವುದು ಸರಿಯಾದ ಕ್ರಮ: ಒಂದು ಲೋಟ ಸ್ಟ್ರಾಂಗ್ ಕಾಫಿ, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ, ನಿದ್ದೆ. ಏಳುವ ಹೊತ್ತಿಗೆ ಕಾಫಿಯೂ ಏರಿರುತ್ತದೆ. ಮುಕ್ಕಾಲು ಗಂಟೆ ಮಲಗಿದರೆ ನಿದ್ದೆ ಆಳಕ್ಕೆ ಇಳಿದು ಎದ್ದಾಗ ತಲೆ ಮಂಕು. ಎದ್ದ ಮೇಲೆ ಐದು ಹತ್ತು ನಿಮಿಷ ನಡೆದಾಡಿ ಆಮೇಲೆ ಕೀ ತಿರುಗಿಸಿ. ನಿಲ್ಲಿಸುವುದು ಬಂಕಿನಲ್ಲೋ ಹೋಟೆಲಿನ ಆವರಣದಲ್ಲೋ ಇರಲಿ, ಹೆದ್ದಾರಿಯ ಅಂಚಿನಲ್ಲಿ ಖಂಡಿತ ಬೇಡ. ಹಿಂದಿನಿಂದ ಬರುವ ಲಾರಿಯವರಿಗೂ ನಿದ್ದೆ ಬರುತ್ತಿರಬಹುದು.

ಜನ ಗಮನಿಸದ ಒಂದು ಕಾರಣ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿಟ್ಟು ಐದಾರು ಜನ ಕೂತರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ಹಿಂದಿನವರು ಗೊರಕೆ ಹೊಡೆಯುತ್ತಾರೆ, ಡ್ರೈವರಿಗೆ ಕಣ್ಣು ಭಾರ. ಲಾರಿಯ ಹೊಗೆ, ಧೂಳು ಇದ್ದಾಗ ಮಾತ್ರ ಆ ಗುಂಡಿ, ಉಳಿದಂತೆ ಹೊರಗಿನ ಗಾಳಿ ಬರಲಿ.

ನಿದ್ದೆ ಬಂದಿದೆ ಎಂದು ಡ್ರೈವರು ತಾನಾಗಿ ಒಪ್ಪುವುದು ಅಪರೂಪ. ಪಕ್ಕದಲ್ಲಿ ಕೂತವರು ನೋಡಬೇಕಾದದ್ದು: ಬಿಳಿ ಗೆರೆಯ ಮೇಲೆ ಚಕ್ರ ಹೋಗಿ ಗುರ್ ಎಂದಾಗ ಬೆಚ್ಚಿ ಎಳೆದುಕೊಳ್ಳುವುದು, ಕಾರಣವಿಲ್ಲದೆ ವೇಗ 90ರಿಂದ 70ಕ್ಕೆ ಇಳಿದು ಮತ್ತೆ ಏರುವುದು, ಕೇಳಿದ ಮಾತಿಗೆ ತಡವಾಗಿ ‘ಹಾಂ?’ ಎನ್ನುವುದು, ಈಗ ದಾಟಿದ ಊರು ಯಾವುದೆಂದು ಹೇಳಲಾಗದಿರುವುದು. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನಾಲ್ಕು ಸೆಕೆಂಡ್ ಜೊಂಪು ಹತ್ತಿದರೆ ಗಾಡಿ 110 ಮೀಟರ್ ಕುರುಡಾಗಿ ಓಡಿರುತ್ತದೆ. ಆದ್ದರಿಂದ ಮುಂದಿನ ಸೀಟಿನಲ್ಲಿ ಕೂತವರಿಗೆ ಮಲಗುವ ಹಕ್ಕಿಲ್ಲ. ಅಷ್ಟು ನಿದ್ದೆ ಬಂದರೆ ಹಿಂದೆ ಹೋಗಲಿ, ಎಚ್ಚರವಿರುವವರು ಮುಂದೆ ಬರಲಿ.

ಪ್ರಶ್ನೆ: ಪ್ರವಾಸಕ್ಕೆ ಮುಂಚೆ ಗ್ಯಾರೇಜಿಗೆ ಹೋದರೆ ‘ಲಾಂಗ್ ಟ್ರಿಪ್ ಸರ್ವಿಸ್’ ಎಂದು ಎಂಟು ಸಾವಿರ ಕೇಳುತ್ತಾರೆ. ಸರ್ವಿಸ್ ಆಗಿ ನಾಲ್ಕೇ ತಿಂಗಳಾಗಿದೆ. ನಾನೇ ನೋಡಿಕೊಳ್ಳಬಹುದಾದದ್ದು ಏನು?
– ಓದುಗರು, ಶಿವಮೊಗ್ಗ

ಉತ್ತರ: ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸ್ ಬಾಕಿ ಇಲ್ಲದಿದ್ದರೆ ಎಂಟು ಸಾವಿರ ನಿಮ್ಮ ಜೇಬಿನಲ್ಲೇ ಇರಲಿ. ದಾರಿಯಲ್ಲಿ ಗಾಡಿ ಕೈಕೊಡುವುದು ಹೆಚ್ಚಾಗಿ ಟೈರು, ಬ್ಯಾಟರಿ, ಕೂಲೆಂಟ್ ಈ ಮೂರರಿಂದ.

ಟೈರಿನ ಗಾಳಿಯನ್ನು ಹೊರಡುವ ದಿನ ಬೆಳಿಗ್ಗೆ ಅಥವಾ ಹಿಂದಿನ ರಾತ್ರಿ, ಎರಡು ಮೂರು ಕಿಲೋಮೀಟರ್‌ಗಿಂತ ಹೆಚ್ಚು ಓಡುವ ಮುಂಚೆ ಹಿಡಿಸಿ. ಎಷ್ಟು ಎಂಬುದು ಡ್ರೈವರ್ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿದೆ. ಅಲ್ಲಿ ಎರಡು ಲೆಕ್ಕ ಕೊಟ್ಟಿದ್ದರೆ, ಒಂದಿಬ್ಬರಿಗೆ ಬೇರೆ, ಪೂರ್ತಿ ಭಾರಕ್ಕೆ ಬೇರೆ. ಮನೆಮಂದಿ, ಲಗೇಜು ಎಲ್ಲ ಇದ್ದಾಗ ಎರಡನೆಯದೇ ಬೇಕು. ಬಂಕಿನ ಹುಡುಗ ಎಲ್ಲ ಗಾಡಿಗೂ ಒಂದೇ ಅಂಕಿ ಹಿಡಿಸುತ್ತಾನೆ, ನೀವೇ ಹೇಳಿ. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ನಾಲ್ಕೈದು ಪಿಎಸ್ಐ ಹೆಚ್ಚು ಕಂಡರೆ ಅದು ಸಹಜ, ಗಾಳಿ ಬಿಡಿಸಬೇಡಿ. ಬಿಡಿಸಿದರೆ ತಣ್ಣಗಾದ ಮೇಲೆ ಕಡಿಮೆಯಾಗಿ, ಟೈರಿನ ಪಕ್ಕದ ಗೋಡೆ ಹೆಚ್ಚು ಬಾಗಿ, ಬಿಸಿ ಏರಿ ಒಡೆಯುವುದು ಆಗಲೇ. ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಬೇಕು ಎಂಬ ಮಾತು ಎಲ್ಲ ಕಡೆ ಚಾಲ್ತಿಯಲ್ಲಿದೆ, ಅದು ತಪ್ಪು. ಟೈರಿನ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರು ನೋಡಲು ಚೆನ್ನಾಗಿದ್ದರೂ ಅಂಚಿನಲ್ಲಿ ಸಣ್ಣ ಬಿರುಕಿದ್ದರೆ ಬದಲಿಸಿ. ಗೀರಿನ ಆಳ 1.6 ಮಿ.ಮೀ.ಗೆ ಬಂದಾಗ ಕಾನೂನಿನ ಲೆಕ್ಕದಲ್ಲಿ ಟೈರು ಮುಗಿದಂತೆ, ಮಳೆಗಾಲದಲ್ಲಿ 3 ಮಿ.ಮೀ.ಗೇ ಬದಲಿಸುವುದು ಜಾಣತನ. ಗೀರು ನೀರನ್ನು ಹೊರಹಾಕಲಾಗದಿದ್ದರೆ ಗಾಡಿ ನೀರಿನ ಪದರದ ಮೇಲೆ ಜಾರುತ್ತದೆ, ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಸ್ಟೆಪ್ನಿಯಲ್ಲೂ ಗಾಳಿ ನೋಡಿ. ಸ್ಟೆಪ್ನಿ ಸಣ್ಣದಾಗಿದ್ದರೆ ಅದರ ಮೇಲೆ ಬರೆದ ವೇಗಮಿತಿ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ., ಮೀರಬೇಡಿ. ಜಾಕ್ ಮತ್ತು ಪಾನಾ ಇವೆಯೇ ಎಂದು ನೋಡುವುದಷ್ಟೇ ಸಾಲದು, ಮನೆ ಮುಂದೆ ಒಮ್ಮೆ ನಟ್ಟು ಸಡಿಲಿಸಿ ನೋಡಿ. ಗ್ಯಾರೇಜಿನಲ್ಲಿ ಗಾಳಿಯಂತ್ರದಿಂದ ಬಿಗಿದ ನಟ್ಟು ಗಾಡಿಯ ಜೊತೆ ಬಂದ ಗಿಡ್ಡ ಪಾನಾಕ್ಕೆ ಜಗ್ಗುವುದಿಲ್ಲ. ಎರಡು ಅಡಿ ಕಬ್ಬಿಣದ ಪೈಪಿನ ತುಂಡೊಂದನ್ನು ಪಾನಾಕ್ಕೆ ಸಿಕ್ಕಿಸಿದರೆ ಸುಲಭ.

ಬ್ಯಾಟರಿ ನಾಲ್ಕು ವರ್ಷ ದಾಟಿದ್ದರೆ, ಬೆಳಿಗ್ಗೆ ಸೆಲ್ಫ್ ಎಳೆದಾಡುತ್ತಿದ್ದರೆ, ಊರಲ್ಲೇ ಬದಲಿಸಿ. ಕೂಲೆಂಟ್ ಮಟ್ಟವನ್ನು ಇಂಜಿನ್ ತಣ್ಣಗಿದ್ದಾಗ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ನೋಡಿ. ಸರ್ವಿಸ್ ಆಗಿ ನಾಲ್ಕು ತಿಂಗಳಲ್ಲಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ತುಂಬಿಸಿ ಸುಮ್ಮನಾಗಬೇಡಿ. ದಾರಿಯಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗಕ್ಕೆ ಸರಿದು ಇಂಜಿನ್ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಅರ್ಧ ಮುಕ್ಕಾಲು ಗಂಟೆ ಮುಟ್ಟಬಾರದು. ಒಳಗಿನ ಒತ್ತಡದಿಂದ ಕುದಿನೀರು ಮುಖಕ್ಕೆ ಹಾರುತ್ತದೆ. ಎ.ಸಿ. ಹಾಕಿದಾಗ ಮುಂದಿನ ಸೀಟಿನ ನೇರಕ್ಕೆ ಗಾಡಿಯ ಅಡಿಯಿಂದ ನೆಲಕ್ಕೆ ತೊಟ್ಟಿಕ್ಕುವ ತಿಳಿನೀರು ಸೋರಿಕೆಯಲ್ಲ, ಅದಕ್ಕೆ ಗಾಬರಿ ಬೇಡ.

ವೈಪರ್ ರಬ್ಬರ್ ಗಾಜಿನ ಮೇಲೆ ಗೆರೆ ಬಿಡುತ್ತಿದ್ದರೆ ಬದಲಿಸಿ, ಬೇಸಿಗೆಯಾದರೂ ಸರಿ. ರಾತ್ರಿ ಎದುರಿನ ಬೆಳಕು ಆ ಗೆರೆಗಳ ಮೇಲೆ ಹರಡಿ ರಸ್ತೆಯೇ ಕಾಣದು.

ಪ್ರಶ್ನೆ: ಆಗುಂಬೆ ಇಳಿದು ಸೋಮೇಶ್ವರದ ಹತ್ತಿರ ಬಂದಾಗ ಚಕ್ರದಿಂದ ಸುಟ್ಟ ವಾಸನೆ, ಬ್ರೇಕ್ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿತ್ತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಗಾಡಿಗೆ ಏನಾಗಿತ್ತು?
– ಓದುಗರು, ತೀರ್ಥಹಳ್ಳಿ

ಉತ್ತರ: ಬ್ರೇಕ್ ಆಯಿಲ್ ಕುದಿದಿದೆ. ನೀವು ಹದಿನಾಲ್ಕು ತಿರುವುಗಳನ್ನೂ ಮೂರನೇ ನಾಲ್ಕನೇ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿರಬೇಕು. ಪ್ಯಾಡ್ ಮತ್ತು ಡಿಸ್ಕ್ ಉಜ್ಜಿದ ಶಾಖ ಆಯಿಲ್‌ಗೆ ಏರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದ ಹಳೆಯ ಆಯಿಲ್‌ಗೆ ಅದೇ ದರ್ಜೆಯ ಮಿತಿ 155 ಡಿಗ್ರಿ. ಕುದಿದಾಗ ಒಳಗೆ ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತುವುದು ಗುಳ್ಳೆಯನ್ನು, ಪ್ಯಾಡನ್ನಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಯಿತು. ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ಮರೆಯಲೇಬಾರದು. ಪ್ಯಾಡುಗಳನ್ನೂ ಒಮ್ಮೆ ಬಿಚ್ಚಿ ನೋಡಿಸಿ, ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಬೇಕು.

ಇಳಿಯುವ ಕ್ರಮ: ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರು. ಕಾರಿಗೆ ಸಾಮಾನ್ಯವಾಗಿ ಎರಡನೆಯದು. ತಿರುವು ಬರುವ ಮುಂಚೆ ಗೇರು ಹಾಕಿ ಮುಗಿಸಿ, ತಿರುವಿನೊಳಗೆ ಕ್ಲಚ್ ಒತ್ತಬೇಡಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಡಿ. ಮೆಲ್ಲಗೆ ಒತ್ತಿಕೊಂಡೇ ಇರುವುದರಿಂದ ಚಕ್ರಕ್ಕೆ ತಣಿಯಲು ಬಿಡುವಿರುವುದಿಲ್ಲ. ಆಟೊಮ್ಯಾಟಿಕ್ ಗಾಡಿಯಲ್ಲಿ ಎಲ್ ಅಥವಾ ಮ್ಯಾನ್ಯುಯಲ್ ಸ್ಥಾನ ಇರುವುದೇ ಇದಕ್ಕೆ. ಎಲೆಕ್ಟ್ರಿಕ್ ಗಾಡಿಯವರು ಘಟ್ಟದ ತುದಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿ ಮರುಚಾರ್ಜನ್ನು ತೆಗೆದುಕೊಳ್ಳುವುದಿಲ್ಲ, ಆಗ ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ. ಇಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವವರು ಈಗಲೂ ಇದ್ದಾರೆ. ಆರಿಸಿದ ಇಂಜಿನ್‌ನಲ್ಲಿ ಬ್ರೇಕಿಗೆ ಸಹಾಯ ಮಾಡುವ ಬೂಸ್ಟರೂ ಎರಡು ಮೂರು ಒತ್ತಿಗೆ ಸತ್ತುಹೋಗುತ್ತದೆ. ಬಿಸಿಯಾದ ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ. ಘಟ್ಟದ ಕಿರಿದಾದ ಕಡೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು 2017ರ ಚಾಲನಾ ನಿಯಮದಲ್ಲೇ ಇದೆ.

ಪ್ರಶ್ನೆ: ಆರು ವರ್ಷದ ಮಗಳು ಚಾರ್ಮಾಡಿ ಶುರುವಾಗುತ್ತಿದ್ದಂತೆ ವಾಂತಿ ಮಾಡುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದರೂ ಅಷ್ಟೇ.
– ಓದುಗರು, ಚಿಕ್ಕಮಗಳೂರು

ಉತ್ತರ: ಖಾಲಿ ಹೊಟ್ಟೆ ವಾಂತಿಯನ್ನು ತಡೆಯುವುದಿಲ್ಲ. ಹೊರಡುವ ಒಂದು ಗಂಟೆ ಮುಂಚೆ ಎಣ್ಣೆ, ಹಾಲು ಇಲ್ಲದ ಹಗುರ ತಿಂಡಿ, ಒಂದೆರಡು ಇಡ್ಲಿ ಕೊಡಿ. ಒಳಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳವೇ ವಾಂತಿ. ಎರಡರಿಂದ ಹನ್ನೆರಡು ವರ್ಷದವರಿಗೆ ಹೆಚ್ಚು. ಮಗು ಮುಂದಿನ ಗಾಜಿನಾಚೆಗಿನ ರಸ್ತೆಯನ್ನು ಕಾಣುವಂತೆ ಎತ್ತರಿಸಿ ಕೂರಿಸಿ. ದಿಂಬು ಹಾಕಿ ಎತ್ತರಿಸಬೇಡಿ, ಬೆಲ್ಟು ಹೊಟ್ಟೆಯ ಮೇಲೆ ಜಾರುತ್ತದೆ. ಆ ವಯಸ್ಸಿಗೆ ಬೂಸ್ಟರ್ ಸೀಟೇ ಸರಿ, ವಾಂತಿಗೂ ಒಳ್ಳೆಯದು, ಬೆಲ್ಟೂ ಭುಜದ ಮೇಲೆ ಕೂರುತ್ತದೆ. ಮೊಬೈಲು, ಚಿತ್ರಪುಸ್ತಕ ಘಟ್ಟ ಮುಗಿಯುವವರೆಗೆ ಬ್ಯಾಗಿನಲ್ಲಿರಲಿ. ಕಾರಿನಲ್ಲಿ ತೂಗುಹಾಕುವ ಸುಗಂಧದ ಡಬ್ಬಿ ತೆಗೆದುಹಾಕಿ, ಎಷ್ಟೋ ಮಕ್ಕಳಿಗೆ ಅದೇ ಶತ್ರು.

ಮಾತ್ರೆ ಕೊಡುವುದಾದರೆ ಡಾಕ್ಟರರನ್ನು ಕೇಳಿ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಹೊರಡುವ ಒಂದೆರಡು ಗಂಟೆ ಮುಂಚೆ. ವಾಂತಿ ಶುರುವಾದ ಮೇಲೆ ನುಂಗಿಸಿದರೆ ಅದೂ ಹೊರಗೆ ಬರುತ್ತದೆ. ಪ್ರೊಮೆಥಜೀನ್ ಇರುವ ಮಾತ್ರೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೂಡದು. ಅದು ನಿದ್ದೆ ಬರಿಸುತ್ತದೆ, ಹಾಗಾಗಿ ಡ್ರೈವರೂ ಒಂದು ನುಂಗುವುದು ಬೇಡವೇ ಬೇಡ. ಇನ್ನೊಂದು: ಅರ್ಧ ವಾಂತಿ ಡ್ರೈವರಿನ ಕಾಲಿನ ಕೆಲಸ. ತಿರುವಿಗೆ ಮುಂಚೆ ನಿಧಾನ ಮಾಡಿ, ತಿರುವಿನಲ್ಲಿ ಒಂದೇ ವೇಗದಲ್ಲಿ ಹೋದರೆ ಮಗುವಿನ ಹೊಟ್ಟೆ ಅಷ್ಟು ಕುಲುಕುವುದಿಲ್ಲ.

ಪ್ರಶ್ನೆ: ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಗೆ ಮಾಡಿ ಹದಿಮೂರು ಜನ ಹೊರಟಿದ್ದೇವೆ. ಹಗಲೆಲ್ಲ ದೇವಸ್ಥಾನ, ರಾತ್ರಿ ಪ್ರಯಾಣ ಮಾಡಿದರೆ ರೂಮಿನ ಖರ್ಚು ಉಳಿಯುತ್ತದೆ ಎಂದು ಟ್ರಾವೆಲ್ಸಿನವರೇ ಹೇಳುತ್ತಾರೆ. ಡ್ರೈವರ್ ಒಬ್ಬರೇ.
– ಓದುಗರು, ಮಂಡ್ಯ

ಉತ್ತರ: ಒಪ್ಪಬೇಡಿ. ನೀವು ದೇವಸ್ಥಾನದಲ್ಲಿರುವಾಗ ಡ್ರೈವರ್ ಮಲಗಿರುತ್ತಾರೆ ಎಂಬುದು ಟ್ರಾವೆಲ್ಸಿನವರ ಸಮಾಧಾನ. ಬಿಸಿಲಲ್ಲಿ ನಿಂತ ಗಾಡಿಯೊಳಗೆ, ಪಾರ್ಕಿಂಗಿನವರ ಕೂಗಾಟದಲ್ಲಿ ಬರುವುದು ನಿದ್ದೆಯಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, ಸತತ 5 ಗಂಟೆಯಾದರೆ ಕನಿಷ್ಠ ಅರ್ಧ ಗಂಟೆ ಬಿಡುವು, ಬಿಡುವೂ ಸೇರಿ ದಿನದ ಒಟ್ಟು ಹರವು 12 ಗಂಟೆ ಎಂದು ಗೆರೆ ಹಾಕಿತ್ತು. ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಗಿದೆ. ನಿಮ್ಮ ಪ್ರವಾಸ ಯೋಜಿಸಲು ಆ ಅಳತೆ ಈಗಲೂ ಚೆನ್ನಾಗಿಯೇ ಒದಗುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಆರಕ್ಕೆ ಗಾಡಿ ನಿಂತಿರಬೇಕು. ಟಿಟಿಗೆ 80 ಕಿ.ಮೀ. ವೇಗಮಿತಿ ಯಂತ್ರವಿರುತ್ತದೆ, ಊಟ ತಿಂಡಿ ಸೇರಿ ಗಂಟೆಗೆ 45–50 ಕಿ.ಮೀ. ಸರಾಸರಿ ಹಿಡಿಯಿರಿ. ದಿನಕ್ಕೆ 400 ಕಿ.ಮೀ. ಮೀರಿದರೆ ಎರಡನೇ ಡ್ರೈವರ್ ಬೇಕು ಎಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ.

ಬಾಟಾ ಕೊಟ್ಟರೆ ಕೆಲಸ ಮುಗಿಯಲಿಲ್ಲ. ನಿಮ್ಮ ಲಾಡ್ಜಿನಲ್ಲೇ ಡ್ರೈವರಿಗೂ ಒಂದು ಹಾಸಿಗೆ ಇರಲಿ, ಕೆಲವು ಕಡೆ ಡಾರ್ಮಿಟರಿ ಕೇಳಿದರೆ ಕೊಡುತ್ತಾರೆ. ರಾತ್ರಿ ಊಟವನ್ನು ನೀವು ಉಣ್ಣುವ ಹೊತ್ತಿಗೇ ಮುಗಿಸಿ ಕಳುಹಿಸಿ. ಹನ್ನೊಂದರವರೆಗೆ ಅವರನ್ನು ಕಾಯಿಸಿ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿದರೆ ಮಾರನೆಯ ದಿನ ನಿಮ್ಮ ಹದಿಮೂರು ಜನರೂ ಆ ನಿದ್ದೆಗೇಡಿನ ಮೇಲೆ ಕೂತಿರುತ್ತೀರಿ.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಪೆನ್ ಬಳಸುತ್ತಾರೆ, ಬಿ.ಪಿ.ಗೆ ನೀರಿನ ಮಾತ್ರೆಯೂ (ಮೂತ್ರ ಹೆಚ್ಚಿಸುವ ಮಾತ್ರೆ) ಇದೆ. ದಾರಿಯಲ್ಲಿ ಬಾತ್‌ರೂಮಿಗೆ ಹೆದರಿ ನೀರೇ ಕುಡಿಯುವುದಿಲ್ಲ.
– ಓದುಗರು, ಮೈಸೂರು

ಉತ್ತರ: ನೀರು ಕುಡಿಯದೆ ಎಂಟು ಗಂಟೆ ಕಾಲು ಜೋತುಬಿಟ್ಟು ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಎರಡು ಗಂಟೆಗೊಮ್ಮೆ ಇಳಿಸಿ ಐದು ನಿಮಿಷ ನಡೆಸಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ನೀರಿನ ಮಾತ್ರೆಯನ್ನು ಪ್ರಯಾಣದ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಡಾಕ್ಟರರನ್ನು ಮೊದಲೇ ಕೇಳಿ, ನೀವಾಗಿ ಬಿಡಿಸಬೇಡಿ. ಬಾತ್‌ರೂಮಿಗೆ ದೊಡ್ಡ ಹೋಟೆಲ್ ಮೊದಲ ಆಯ್ಕೆ, ಬಂಕು ಎರಡನೆಯದು. ಕಮೋಡ್ ಇದೆಯೇ ಎಂದು ಇಳಿಯುವ ಮುಂಚೆ ನೀವೇ ಹೋಗಿ ನೋಡಿ ಬನ್ನಿ. ಮಂಡಿನೋವಿನವರನ್ನು ಇಳಿಸಿ ಮತ್ತೆ ಹತ್ತಿಸಿದರೆ ಮುಂದಿನ ಸಲ ಅವರು ನೀರು ಮುಟ್ಟುವುದಿಲ್ಲ.

ಬಳಕೆಯಲ್ಲಿರುವ ಇನ್ಸುಲಿನ್ ಪೆನ್ ಹೆಚ್ಚಿನ ಬಗೆಗಳಲ್ಲಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಸುಲಭ. ಆದ್ದರಿಂದ ಪೆನ್ ಅಮ್ಮನ ಕೈಚೀಲದಲ್ಲಿ ಅವರೊಡನೆ ಇಳಿಯಬೇಕು. ಐಸ್‌ಗೆ ನೇರ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆ. ಒದ್ದೆ ಬಟ್ಟೆ ಸುತ್ತಿದ ಸಣ್ಣ ಡಬ್ಬಿ ಸಾಕು. ಊಟ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಲಿ. ಹೋಟೆಲ್ ಇನ್ನು ಹತ್ತೇ ನಿಮಿಷ ಎಂದುಕೊಂಡು ಮೊದಲೇ ಚುಚ್ಚಿ, ಮುಂದೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಡವರಿಕೆ ಕಂಡರೆ 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮನೆಯಿಂದ ಊಟ ಕಟ್ಟಿಕೊಂಡು ಹೋಗುವುದಾದರೆ ಏನು ಒಳ್ಳೆಯದು?
– ಓದುಗರು, ಹಾಸನ

ಉತ್ತರ: ಹಸಿ ಕಾಯಿ ಹಾಕಿದ ಚಟ್ನಿ ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆಗೆ ಹಳಸುತ್ತದೆ, ಬೇಡ. ಚಪಾತಿ ಜೊತೆ ಚಟ್ನಿಪುಡಿ, ತುಪ್ಪ. ಹುಣಸೆ, ಎಣ್ಣೆ ಮುಂದಾಗಿರುವ ಪುಳಿಯೋಗರೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ, ಆದರೆ ಅನ್ನವನ್ನು ಹರಡಿ ಪೂರ್ತಿ ಆರಿಸಿದ ಮೇಲೆ ಕಲಸಿ, ಬಿಸಿಯಲ್ಲೇ ಮುಚ್ಚಿದರೆ ಬೆವರಿ ಕೆಡುತ್ತದೆ. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಇದ್ದರೆ ಎರಡು ಮೂರು ದಿನದ ಚಿಂತೆಯಿಲ್ಲ. ಮೊಸರನ್ನ ತಿನ್ನಲೇಬೇಕಾದರೆ ಅನ್ನ ಬೇರೆ, ಮೊಸರು ಬೇರೆ ಒಯ್ದು ಅಲ್ಲೇ ಕಲಸಿ.

ಪ್ರಶ್ನೆ: ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದರೆ ಲಾಭವೇ?
– ಓದುಗರು, ತುಮಕೂರು

ಉತ್ತರ: 2025ರ ಆಗಸ್ಟ್ 15ರಂದು ಶುರುವಾದಾಗ ಅದರ ಬೆಲೆ 3000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿ, ಎಕ್ಸ್‌ಪ್ರೆಸ್‌ವೇ ಟೋಲುಗಳಲ್ಲಷ್ಟೇ ನಡೆಯುತ್ತದೆ, ರಾಜ್ಯ ಹೆದ್ದಾರಿ ಮತ್ತು ಬೆಂಗಳೂರಿನ ನೈಸ್ ರಸ್ತೆಗೆ ಅಲ್ಲ. ಆ ಟೋಲುಗಳಿಗೆ ಖಾತೆಯಲ್ಲಿ ದುಡ್ಡು ಬೇರೆ ಇರಬೇಕು. ಚಾಲ್ತಿಯಲ್ಲಿರುವ ಟ್ಯಾಗ್ ಇಲ್ಲದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಎಂಬ ನಿಯಮ 2025ರ ನವೆಂಬರ್ 15ರಂದು ಜಾರಿಗೆ ಬಂತು. ವರ್ಷಕ್ಕೆ ಒಂದೇ ದೂರದ ಪ್ರವಾಸವಾದರೆ ಪಾಸ್ ಬೇಡ.

ಪ್ರಶ್ನೆ: ಮೈಸೂರಿನಿಂದ ಊಟಿಗೆ ಸಂಜೆ ಆಫೀಸ್ ಮುಗಿಸಿ ಹೊರಡಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, 2009ರಿಂದ ಹೀಗೇ ಇದೆ. ಒಂಬತ್ತರೊಳಗೆ ಗೇಟು ದಾಟಿಬಿಡೋಣ ಎಂದು ಓಡಿಸುವವರೇ ಕಾಡಿನಲ್ಲಿ ಜಿಂಕೆಗೆ ಗುದ್ದುವುದು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಹೊರಟರೆ ಆರರ ಹೊತ್ತಿಗೆ ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಗೇಟಿನಲ್ಲಿರುತ್ತೀರಿ. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದನ್ನು ಮನೆಯಲ್ಲೇ ಮಾಡಿಕೊಂಡು ಫೋನಿನಲ್ಲಿ ಉಳಿಸಿ, ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೂ ಅಲ್ಲಿ ನಿಷೇಧ, ಸ್ಟೀಲ್ ಬಾಟಲಿ ಒಯ್ಯಿರಿ. ಮಸಿನಗುಡಿಯ ಮೇಲೆ ಕಲ್ಲಟ್ಟಿ ದಾರಿ ಹತ್ತಿರವೇನೋ ಹೌದು, 36 ಕಡಿದಾದ ತಿರುವುಗಳಿವೆ. ಹೊಸಬರು ಗೂಡಲೂರು ದಾರಿ ಹಿಡಿಯಲಿ.

ಪ್ರಶ್ನೆ: ಒಳದಾರಿಯಲ್ಲಿ ರಸ್ತೆ ತುಂಬ ಹುರುಳಿ ಹರಡಿದ್ದರು. ಅದರ ಮೇಲೆ ಹೋದ ಪಕ್ಕದ ಮನೆಯವರ ಕಾರಿಗೆ ಬೆಂಕಿ ಹತ್ತಿತು. ಇದು ಹೇಗೆ ಸಾಧ್ಯ?
– ಓದುಗರು, ಚಳ್ಳಕೆರೆ

ಉತ್ತರ: ಹುರುಳಿ ಬಳ್ಳಿಯಂತೆ ಹೆಣೆದುಕೊಂಡಿರುವ ಪೈರು. ಚಕ್ರವನ್ನು ತಿರುಗಿಸುವ ದಂಡಕ್ಕೆ, ಅಂದರೆ ಡ್ರೈವ್ ಶಾಫ್ಟಿಗೆ, ಒಂದು ಎಳೆ ಸಿಕ್ಕಿದರೆ ಉಳಿದದ್ದೆಲ್ಲ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಒಣ ಹುಲ್ಲು ಕೆಂಪಗೆ ಕಾದ ಸೈಲೆನ್ಸರ್ ಕೊಳವೆಗೆ, ಅದರಲ್ಲೂ ಹೊಗೆ ಶುದ್ಧ ಮಾಡುವ ಕನ್ವರ್ಟರಿಗೆ ತಾಗಿದಾಗ ಹೊತ್ತಿಕೊಳ್ಳುತ್ತದೆ. ಬೆಂಕಿ ಹತ್ತದಿದ್ದರೂ ಶಾಫ್ಟಿನ ರಬ್ಬರ್ ಬೂಟು, ಚಕ್ರದ ಬಳಿಯ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ವೈರು ಕಿತ್ತುಬರುವುದುಂಟು. ರಾಗಿ ಹುಲ್ಲು ಅಷ್ಟು ಸುತ್ತಿಕೊಳ್ಳುವುದಿಲ್ಲ, ಹಾಗೆಂದು ಧೈರ್ಯವೂ ಬೇಡ.

ಕೊಯ್ಲಿನ ತಿಂಗಳುಗಳಲ್ಲಿ ಮ್ಯಾಪು ತೋರಿಸುವ ಹತ್ತಿರದ ಒಳದಾರಿಯನ್ನು ಬಿಟ್ಟು ಮುಖ್ಯ ರಸ್ತೆಯಲ್ಲೇ ಹೋಗಿ. ಬೇರೆ ದಾರಿಯಿಲ್ಲದೆ ಎದುರಾದರೆ ಹಾರ್ನ್ ಮಾಡಿ ಕಾಯಿರಿ, ರೈತರು ಕೊಕ್ಕೆಯಿಂದ ಎಳೆದು ಒಂದು ಗಾಡಿ ಹೋಗುವಷ್ಟು ಜಾಗ ಮಾಡಿಕೊಡುತ್ತಾರೆ. ದಾಟಿಯೇ ಬಂದಿದ್ದರೆ ಒಂದು ಕಿಲೋಮೀಟರ್ ಒಳಗೆ, ಹುಲ್ಲಿಲ್ಲದ ಬರಿನೆಲದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ ಕೆಳಗೆ ಬಗ್ಗಿ ನೋಡಿ. ಮುಂದಿನ ಎರಡೂ ಚಕ್ರದ ಒಳಬದಿಯಲ್ಲಿ ಕೈ ಸುಡದಷ್ಟು ತಣ್ಣಗಾದ ಮೇಲೆ ಚಾಕುವಿನಿಂದ ಕುಯ್ದು ತೆಗೆಯಿರಿ. ಗಟ್ಟಿಯಾಗಿ ಸುತ್ತಿದ್ದರೆ ಗಾಡಿಯನ್ನು ಎರಡಡಿ ರಿವರ್ಸ್ ಮಾಡಿದಾಗ ಸಡಿಲವಾಗುತ್ತದೆ. ಹೊಗೆ ಕಂಡರೆ ಮೊದಲು ಮಕ್ಕಳನ್ನು, ಹಿರಿಯರನ್ನು ಇಳಿಸಿ ದೂರ ಕಳುಹಿಸಿ, ಲಗೇಜು ಆಮೇಲೆ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಉರಿ ಎದ್ದೇಳುತ್ತದೆ. ಒಂದು ಕಿಲೋ ಎಬಿಸಿ ಪುಡಿಯ ಬೆಂಕಿ ನಂದಕವನ್ನು ಡಿಕ್ಕಿಯ ತಳದಲ್ಲಿ ಬ್ಯಾಗುಗಳ ಕೆಳಗೆ ಹೂತಿಡದೆ ಮುಂದಿನ ಸೀಟಿನ ಹತ್ತಿರ, ಪೆಡಲಿನ ಕೆಳಗೆ ಉರುಳದಂತೆ ಪಟ್ಟಿ ಬಿಗಿದು ಇಡಿ. ಮುಳ್ಳು ಹಸಿರು ಗೆರೆಯಲ್ಲಿದೆಯೇ ಎಂದು ಹೊರಡುವ ಮುಂಚೆ ನೋಡಿ. ನೆರವಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ, ಬೇರೆಲ್ಲಾದರೂ 112ಕ್ಕೆ ಫೋನ್ ಮಾಡಿ.